ಬೇಸಿಗೆಯ ದೂರದಾರಿ, ಜತೆಗೊಂದು ಪುಟ್ಟ ಪ್ರಾಣಿ: ಗಾಡಿ ನಿಂತಾಗಲೇ ಎಚ್ಚರ

ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಿಟ್ಟ ಕೂಡಲೇ ಪ್ರಾಣಿ ಸಾಕಿದ ಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಊರಿಗೆ ಹೋಗುವಾಗ ನಾಯಿಯನ್ನು ಯಾರ ಹತ್ತಿರ ಬಿಡೋಣ? ಯಾರೂ ಸಿಗದಿದ್ದರೆ ಅದೂ ಕಾರು ಹತ್ತುತ್ತದೆ. ಮಕ್ಕಳ ಹಟಕ್ಕೆ ಮೊಲದ ಪಂಜರವೂ ಹತ್ತುತ್ತದೆ. ಎಸಿ ಇದೆಯಲ್ಲ, ಇನ್ನೇನು ಅನ್ನುವ ಧೈರ್ಯ. ಓಡುತ್ತಿರುವ ಎಸಿ ಕಾರಿನಲ್ಲಿ ಪ್ರಾಣಿಗೆ ತೊಂದರೆ ಆಗುವುದು ಕಡಿಮೆ ಅನ್ನುವುದು ನಿಜವೇ. ತಿಂಡಿಗೆ ನಿಂತಾಗ, ಪಂಕ್ಚರ್ ಆದಾಗ, ಟೋಲ್ ಸಾಲಿನಲ್ಲಿ ಎಸಿ ಕೈಕೊಟ್ಟಾಗ ಅನಾಹುತ ಆಗುತ್ತದೆ. ಹಾಗಾಗಿ ಪ್ರಾಣಿಯ ಜತೆ ಹೊರಡುವವರು ದಾರಿಗಿಂತ ಮೊದಲು ಎಲ್ಲೆಲ್ಲಿ, ಎಷ್ಟು ಹೊತ್ತು ನಿಲ್ಲುತ್ತೇವೆ ಎಂದು ಗೊತ್ತು ಮಾಡಿಕೊಳ್ಳಬೇಕು.

ನಮ್ಮೂರಿನ ಬಿಸಿಲಿನ ಲೆಕ್ಕ ಕೆಳಗಿನ ಸೀಮೆಗೆ ಹೊಂದದು

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸಮುದ್ರಮಟ್ಟದಿಂದ ಸುಮಾರು 800ರಿಂದ 900 ಮೀಟರ್ ಎತ್ತರದಲ್ಲಿವೆ. ಮಧ್ಯಾಹ್ನ ಎಷ್ಟೇ ಸುಟ್ಟರೂ ರಾತ್ರಿ ಗಾಳಿ ತಂಪಾಗುತ್ತದೆ. ಇಲ್ಲಿ ಬೆಳೆದ ಪ್ರಾಣಿಯ ಮೈ ಈ ಏರಿಳಿತಕ್ಕೆ ಒಗ್ಗಿರುತ್ತದೆ. ಎತ್ತರ ನೂರು ಮೀಟರ್ ತಗ್ಗಿದರೆ ಉಷ್ಣಾಂಶ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ಏರುತ್ತದೆ. ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ದಾಟಿ ಅನಂತಪುರ ಮುಟ್ಟುವಷ್ಟರಲ್ಲಿ ಐನೂರು ಮೀಟರ್‌ಗೂ ಹೆಚ್ಚು ಇಳಿದಿರುತ್ತೀರಿ. ಕೋಲಾರದಿಂದ ಮುಳಬಾಗಿಲು, ಪಲಮನೇರು ಮೇಲೆ ಮೊಗಿಲಿ ಘಾಟಿ ಇಳಿದು ಚಿತ್ತೂರಿಗೆ ಹೋದರೂ ಅಷ್ಟೇ. ಹೊರಟ ಊರಿಗಿಂತ ಮೂರು ಡಿಗ್ರಿ ಜಾಸ್ತಿ ಅಂತಲೇ ಇಟ್ಟುಕೊಳ್ಳಿ. ಮನೆಯ ಅಂಗಳದಲ್ಲಿ 36 ಇದ್ದ ದಿನ ಅಲ್ಲಿ 39–40 ಇರುತ್ತದೆ.

ಈ ಮೂರು ಡಿಗ್ರಿ ಯಾಕೆ ಮುಖ್ಯ ಅಂದರೆ, ನಾಯಿಯ ಮೈ ಬಿಸಿ ಸಹಜವಾಗಿಯೇ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. ಸುತ್ತಲ ಗಾಳಿ 28 ಡಿಗ್ರಿ ಇದ್ದರೆ ಮೈಯ ಕಾವು ತಾನಾಗಿ ಗಾಳಿಗೆ ಹೋಗುತ್ತದೆ. ಗಾಳಿಯೇ 39 ಆದಾಗ ಆ ದಾರಿ ಮುಚ್ಚಿತು. ಉಳಿದದ್ದು ಒಂದೇ, ನಾಲಗೆ ಚಾಚಿ ತೇಕುವುದು. ಬಾಯಿ, ನಾಲಗೆ, ಮೂಗಿನೊಳಗಿನ ತೇವ ಆರುವಾಗ ರಕ್ತ ತಂಪಾಗುತ್ತದೆ, ಮಡಕೆಯ ನೀರು ತಣ್ಣಗಾಗುವ ಹಾಗೆ. ನಾಯಿಗೆ ಬೆವರುವ ಗ್ರಂಥಿಗಳು ಪಾದದ ಮೆತ್ತೆಯಲ್ಲಿ ಇದ್ದರೂ ಮೈ ತಣಿಸಲು ಅದು ಏನೇನೂ ಸಾಲದು.

ತೇವ ಆರಬೇಕಾದರೆ ಗಾಳಿ ಒಣಗಿರಬೇಕು. ತುಮಕೂರಿನಿಂದ ಶಿರಾ, ಹಿರಿಯೂರು, ಚಿತ್ರದುರ್ಗದ ಕಡೆ ಹೋಗುವಾಗ ಬಿಸಿಲು ಜೋರಾದರೂ ಗಾಳಿ ಒಣದು. ತೇಕುವುದರಿಂದ ಪ್ರಯೋಜನ ಸಿಗುತ್ತದೆ, ಪಂಜರದ ಪಕ್ಕ ಒದ್ದೆ ಬಟ್ಟೆ ಕಟ್ಟಿದರೂ ತಂಪಾಗುತ್ತದೆ. ಅದೇ ನಾಯಿಯನ್ನು ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿಸಿ ಕರಾವಳಿಗೆ ಕರೆದೊಯ್ದರೆ ಥರ್ಮಾಮೀಟರ್ 33 ತೋರಿಸುತ್ತಿದ್ದರೂ ಅದರ ಪಾಡು ಕಷ್ಟ, ಏಕೆಂದರೆ ತೇವ ತುಂಬಿದ ಗಾಳಿಯಲ್ಲಿ ಏನೂ ಆರುವುದಿಲ್ಲ. ಒದ್ದೆ ಬಟ್ಟೆಯ ಉಪಾಯ ಅಲ್ಲಿ ಕೆಲಸ ಮಾಡದು, ಬೀಸುವ ಗಾಳಿ ಅಥವಾ ಎಸಿಯೇ ಬೇಕು. ಡಿಗ್ರಿ ಎಷ್ಟು ಎಂದು ನೋಡುವವರು ತೇವಾಂಶವನ್ನೂ ನೋಡಬೇಕು.

ಮೂಗು ಚಪ್ಪಟೆಯಾದ ಪಗ್, ಶಿಟ್ಜು ನಾಯಿಗಳ, ಪರ್ಷಿಯನ್ ಬೆಕ್ಕುಗಳ ಲೆಕ್ಕವೇ ಬೇರೆ. ಅವುಗಳ ಉಸಿರಿನ ದಾರಿ ಇಕ್ಕಟ್ಟು. ತೇಕಲು ಪಡುವ ಶ್ರಮದಿಂದಲೇ ಮೈ ಇನ್ನಷ್ಟು ಬಿಸಿಯಾಗುತ್ತದೆ. ದಪ್ಪಗಿರುವವು, ವಯಸ್ಸಾದವು, ಹೃದಯದ ಕಾಯಿಲೆ ಇರುವವು ಕೂಡ ಇದೇ ಗುಂಪಿಗೆ. ಇಂಥವನ್ನು ಏಪ್ರಿಲ್–ಮೇ ತಿಂಗಳ ಹಗಲಲ್ಲಿ ದೂರ ಕರೆದೊಯ್ಯದಿರುವುದೇ ಸರಿ. ಹೋಗಲೇಬೇಕಾದರೆ ರಾತ್ರಿ ಹೊರಡಿ. ಇನ್ನು ಪೊಮೆರೇನಿಯನ್‌ಗೆ ಬೇಸಿಗೆ ಅಂತ ಬೋಳು ಹೊಡೆಸುವ ರೂಢಿ ಇದೆಯಲ್ಲ, ಅದು ಬೇಡ. ಉದುರುವ ಒಳಗೂದಲನ್ನು ಬಾಚಿ ತೆಗೆದರೆ ಸಾಕು, ಮೇಲ್ಗೂದಲು ಬಿಸಿಲಿನಿಂದ ಚರ್ಮ ಕಾಯುತ್ತದೆ.

ದೋಸೆಗೆ ನಿಂತ ಇಪ್ಪತ್ತು ನಿಮಿಷ

ಹೊರಗೆ 35 ಡಿಗ್ರಿ ಇದ್ದಾಗ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ 45ರ ಆಸುಪಾಸು, ಇಪ್ಪತ್ತು ನಿಮಿಷದಲ್ಲಿ 50ರ ಮೇಲೆ. ಒಂದು ಗಂಟೆಯಲ್ಲಿ ಏರಬೇಕಾದ ಬಿಸಿಯಲ್ಲಿ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ ಏರಿಬಿಡುತ್ತದೆ. ಗಾಜಿನ ಮೂಲಕ ಒಳಬಂದ ಬಿಸಿಲು ಡ್ಯಾಶ್‌ಬೋರ್ಡ್, ಸೀಟುಗಳನ್ನು ಕಾಯಿಸುತ್ತದೆ. ಆ ಕಾವು ಹೊರಹೋಗಲು ಗಾಜು ಬಿಡುವುದಿಲ್ಲ. ಕಿಟಕಿ ಎರಡು ಬೆರಳು ಇಳಿಸಿದರೆ ಸಾಕು ಎನ್ನುವುದು ಬರೀ ನಂಬಿಕೆ, ವ್ಯತ್ಯಾಸ ತೀರಾ ಕಡಿಮೆ. ನೆರಳಲ್ಲಿ ನಿಲ್ಲಿಸಿದರೆ ಏರಿಕೆ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ನೆರಳು ಸರಿಯುತ್ತದೆ ಕೂಡ.

ಈಗ ಇದನ್ನು ನಮ್ಮ ರೂಢಿಗೆ ಹೊಂದಿಸಿ ನೋಡಿ. ಮುಳಬಾಗಿಲಿನಲ್ಲಿ ದೋಸೆಗೆ ಇಳಿದರೆ ಟೇಬಲ್ ಸಿಕ್ಕಿ, ದೋಸೆ ಬಂದು, ಕಾಫಿ ಮುಗಿಯಲು ಅರ್ಧ ಗಂಟೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬೇಗ ಬರುತ್ತದೆ ಅಂದರೂ ಹತ್ತು ನಿಮಿಷ ಹಿಡಿಯುತ್ತದೆ. ಎಂಜಿನ್ ಚಾಲೂ ಇಟ್ಟು ಎಸಿ ಹಾಕಿ ಬಿಟ್ಟುಹೋಗುವವರಿದ್ದಾರೆ. ನಿಂತ ಗಾಡಿಯಲ್ಲಿ ರೇಡಿಯೇಟರ್ ಬಿಸಿ ಏರಿದರೆ ಕಂಪ್ರೆಸರ್ ತಾನೇ ಕಟ್ ಆಗಬಹುದು, ನಾಯಿ ಕಾಲಿಟ್ಟು ಬಟನ್ ಒತ್ತಿಬಿಡಬಹುದು. ಎರಡೂ ಒಳಗಿರುವವರಿಗೆ ಬಿಟ್ಟರೆ ಬೇರೆ ಯಾರಿಗೂ ತಿಳಿಯದು. ದಾರಿ ಎರಡೇ: ಪಾರ್ಸೆಲ್ ಕಟ್ಟಿಸಿಕೊಳ್ಳಿ, ಇಲ್ಲವೇ ಪಾಳಿ ಹಾಕಿ. ಒಬ್ಬರು ತಿನ್ನುವಾಗ ಇನ್ನೊಬ್ಬರು ಪ್ರಾಣಿಯ ಜತೆ ಹೊರಗೆ ಹೊಂಗೆ ಮರದ ಕೆಳಗೆ ಕೂರಬೇಕು. ಏಪ್ರಿಲ್‌ನಲ್ಲಿ ಹೊಂಗೆಗೆ ಹೊಸ ಎಲೆ ತುಂಬಿರುತ್ತದೆ, ಆ ನೆರಳಿಗೆ ಸಾಟಿಯಿಲ್ಲ. ಹೆದ್ದಾರಿ ಅಗಲವಾದ ಮೇಲೆ ಅಂಥ ಮರಗಳು ಹೆಚ್ಚಾಗಿ ಉಳಿದಿರುವುದು ಸರ್ವಿಸ್ ರಸ್ತೆಯಲ್ಲಿ, ಹಳ್ಳಿಯ ಕಡೆ ತಿರುಗುವ ಹಳೇ ದಾರಿಗಳಲ್ಲಿ. ನಿಲ್ಲಲು ಅವೇ ಸೂಕ್ತ.

ಒಬ್ಬರೇ ಓಡಿಸಿಕೊಂಡು ಹೋಗುವಾಗ? ಶೌಚಾಲಯಕ್ಕೆ ಹೋಗುವುದಿದ್ದರೂ ಪಂಜರ ಕೈಯಲ್ಲಿರಲಿ. ಎತ್ತಿಕೊಂಡು ಹೋಗಲಾಗದಷ್ಟು ದೊಡ್ಡ ಪ್ರಾಣಿಯಾದರೆ ಒಬ್ಬರೇ ಹೋಗಬೇಡಿ. ತಿರುಪತಿಯಂಥ ಯಾತ್ರೆಗೆ ಪ್ರಾಣಿಯನ್ನು ಕರೆದೊಯ್ಯುವ ಯೋಚನೆಯನ್ನೇ ಬಿಡಿ. ಗುಡಿಯೊಳಗೆ ಅದಕ್ಕೆ ಜಾಗವಿಲ್ಲ, ದರ್ಶನದ ಸಾಲು ಎಷ್ಟು ಹೊತ್ತು ಹಿಡಿಯುತ್ತದೋ ಯಾರಿಗೂ ಗೊತ್ತಿಲ್ಲ.

ಹೊರಡುವ ಹೊತ್ತು

ದಿನದ ಬಿಸಿ ಶಿಖರ ಮುಟ್ಟುವುದು ಮಧ್ಯಾಹ್ನ ಹನ್ನೆರಡಕ್ಕಲ್ಲ, ಎರಡೂವರೆಯಿಂದ ಮೂರೂವರೆಯ ನಡುವೆ. ಊಟ ಮಾಡಿ ಹೊರಡೋಣ ಅಂದುಕೊಂಡವರು ನೇರವಾಗಿ ಅದರ ಬಾಯಿಗೇ ಬೀಳುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಹೊರಟು ಹತ್ತರೊಳಗೆ ಸೂರಿನಡಿ ಸೇರುವುದು ಒಳ್ಳೆಯ ಲೆಕ್ಕ. ತುಮಕೂರಿನಿಂದ ಹುಬ್ಬಳ್ಳಿ ಸುಮಾರು 340 ಕಿಲೋಮೀಟರ್. ಎರಡು ನಿಲುಗಡೆ ಸೇರಿ ಒಂದೇ ಬೆಳಗಿನಲ್ಲಿ ಮುಗಿಯುತ್ತದೆ. ಚಿಕ್ಕಬಳ್ಳಾಪುರದಿಂದ ಹೈದರಾಬಾದ್ 500 ಕಿಲೋಮೀಟರ್ ದಾಟುವುದರಿಂದ ಹತ್ತು ಗಂಟೆಗೆ ಕರ್ನೂಲಿನಲ್ಲಿ ಕೋಣೆ ಹಿಡಿದು, ಸಂಜೆ ನಾಲ್ಕೂವರೆಗೆ ಮತ್ತೆ ಹೊರಟರೆ ರಾತ್ರಿ ಊಟದ ಹೊತ್ತಿಗೆ ತಲುಪಬಹುದು. ಪ್ರಾಣಿ ಬಿಡುವ ಲಾಡ್ಜ್ ಎಲ್ಲಿದೆ ಎಂದು ಮೊದಲೇ ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಹತ್ತು ಗಂಟೆಯ ಬಿಸಿಲಲ್ಲಿ ನಾಲ್ಕು ಲಾಡ್ಜ್ ಅಲೆದರೆ ಮಾಡಿದ ಲೆಕ್ಕವೆಲ್ಲ ವ್ಯರ್ಥ.

ಎರಡು ಗಂಟೆಗೊಮ್ಮೆ ಹತ್ತು–ಹದಿನೈದು ನಿಮಿಷ ನಿಲ್ಲಿ. ನಾಯಿಯನ್ನು ಇಳಿಸುವ ಮೊದಲು ಅಂಗೈಯ ಹಿಂಭಾಗವನ್ನು ಡಾಂಬರಿನ ಮೇಲೆ ಏಳು ಎಣಿಸುವವರೆಗೆ ಇಟ್ಟು ನೋಡಿ. ತಡೆಯಲಾಗದಿದ್ದರೆ ಅದರ ಪಾದವೂ ತಡೆಯದು. ಮಧ್ಯಾಹ್ನದ ಡಾಂಬರು ಗಾಳಿಗಿಂತ 20 ಡಿಗ್ರಿಗೂ ಹೆಚ್ಚು ಕಾದಿರುತ್ತದೆ. ಮಣ್ಣು, ಹುಲ್ಲು ಇರುವ ಕಡೆ ಎತ್ತಿಕೊಂಡು ಹೋಗಿ ಬಿಡಿ.

ಪಂಜರ ಎಲ್ಲಿ, ಹೇಗೆ

ಡಿಕ್ಕಿಯಲ್ಲಿ ಬೇಡವೇ ಬೇಡ. ಸೆಡಾನ್ ಕಾರಿನ ಡಿಕ್ಕಿಗೆ ಎಸಿ ಗಾಳಿ ಹೋಗುವುದಿಲ್ಲ. ಹ್ಯಾಚ್‌ಬ್ಯಾಕ್‌ನಲ್ಲಿ ಹಿಂದಿನ ಸೀಟಿನ ಆಚೆಗೆ ಗಾಳಿ ತಲುಪುವಷ್ಟರಲ್ಲಿ ಬಿಸಿಯಾಗಿರುತ್ತದೆ, ಮೇಲಿಂದ ಹಿಂಗಾಜಿನ ಬಿಸಿಲು ಬೇರೆ. ಚಿಕ್ಕ ಪಂಜರಕ್ಕೆ ಮುಂದಿನ ಸೀಟಿನ ಹಿಂದೆ, ಕಾಲಿಡುವ ಜಾಗವೇ ಪ್ರಶಸ್ತ. ಬ್ರೇಕ್ ಹಾಕಿದಾಗ ಎರಡು ಸೀಟಿನ ನಡುವೆ ಜಾರದೆ ಕೂರುತ್ತದೆ, ತಂಪು ಗಾಳಿ ಕೆಳಗೇ ಇಳಿಯುತ್ತದೆ. ಓಮ್ನಿ, ಈಕೋ ಥರದ ಗಾಡಿಯಲ್ಲಿ ಮಾತ್ರ ಇದು ಸಲ್ಲದು. ಎಂಜಿನ್ ಮುಂದಿನ ಸೀಟಿನ ಅಡಿಯಲ್ಲೇ ಇರುವುದರಿಂದ ಅಲ್ಲಿನ ತಗಡು ಕಾಯುತ್ತದೆ. ಅಲ್ಲಿ ಹಿಂದಿನ ಸೀಟಿನ ಮೇಲಿಟ್ಟು ಬೆಲ್ಟ್ ಬಿಗಿಯಿರಿ. ಮುಂದಿನ ಸೀಟು ಏರ್‌ಬ್ಯಾಗ್ ಕಾರಣಕ್ಕೆ ಬೇಡ, ಓಡಿಸುವವರ ತೊಡೆಯಂತೂ ಯಾವ ಕಾರಣಕ್ಕೂ ಬೇಡ.

ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎನ್ನುವುದನ್ನೂ ನೋಡಿ. ಉತ್ತರದ ಕಡೆ, ಅಂದರೆ ಹೈದರಾಬಾದ್ ದಾರಿಯಲ್ಲಿ, ಬೆಳಿಗ್ಗೆ ಬಿಸಿಲು ಬಲಗಡೆಯಿಂದ ಬೀಳುತ್ತದೆ, ಪಂಜರ ಎಡಗಡೆ ಇರಲಿ. ಸಂಜೆ ಮತ್ತೆ ಹೊರಟಾಗ ಬಲಕ್ಕೆ ಬದಲಿಸಿ. ಬಿಸಿಲು ಬೀಳುವ ಮಗ್ಗುಲಿಗಷ್ಟೇ ಬಿಳಿ ಪಂಚೆಯನ್ನು ಕ್ಲಿಪ್ ಹಾಕಿ ಹೊದಿಸಿ. ನಾಲ್ಕೂ ಕಡೆ ಮುಚ್ಚಿದರೆ ಒಳಗೆ ಗಾಳಿಯಾಡದೆ ಉಗಿಯೆದ್ದುಬಿಡುತ್ತದೆ.

ಪಂಜರ ಕೊಳ್ಳುವಾಗ ಪ್ರಾಣಿ ಒಳಗೆ ನಿಂತು, ಒಂದು ಸುತ್ತು ತಿರುಗಿ, ಕಾಲು ಚಾಚಿ ಮಲಗುವಂತಿರಬೇಕು. ಇದಕ್ಕಿಂತ ದೊಡ್ಡದಾದರೆ ತಿರುವುಗಳಲ್ಲಿ ಒಳಗೇ ಎಗರಿ ಬೀಳುತ್ತದೆ. ಕನಿಷ್ಠ ಮೂರು ಕಡೆ ಗಾಳಿಯ ಕಿಂಡಿ ಬೇಕು. ತೂತು ಕೊರೆದ ರಟ್ಟಿನ ಪೆಟ್ಟಿಗೆ ಕೆಲಸಕ್ಕೆ ಬಾರದು: ಒಮ್ಮೆ ಮೂತ್ರ ಮಾಡಿದರೆ ತಳ ಕಿತ್ತುಬರುತ್ತದೆ. ಬೆಕ್ಕಿಗೆ ಮೇಲಿನಿಂದಲೂ ಬಾಗಿಲು ತೆರೆಯುವ ಗಟ್ಟಿ ಪ್ಲಾಸ್ಟಿಕ್‌ನದು ಒಳ್ಳೆಯದು. ಆಸ್ಪತ್ರೆಯಲ್ಲಿ ಎಳೆದು ಹೊರತೆಗೆಯುವ ಜಟಾಪಟಿ ಇರುವುದಿಲ್ಲ. ತಳಕ್ಕೆ ನ್ಯೂಸ್‌ಪೇಪರ್, ಅದರ ಮೇಲೆ ಹಳೇ ಹತ್ತಿ ಸೀರೆಯ ನಾಲ್ಕೈದು ಮಡಿಕೆ. ಪಾಲಿಯೆಸ್ಟರ್ ಕಂಬಳಿ ಕಾವು ಹಿಡಿದಿಡುತ್ತದೆ. ಹೊರಡುವ ಎರಡು ವಾರ ಮೊದಲೇ ಪಂಜರವನ್ನು ಮನೆಯಲ್ಲಿ ಬಾಗಿಲು ತೆರೆದಿಟ್ಟು ಒಳಗೇ ತಿಂಡಿ ಹಾಕಿ. ಆಮೇಲೆ ಊರೊಳಗೆ ಅರ್ಧ ಗಂಟೆ ಸುತ್ತಾಡಿಸಿ.

ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿಗಳು ಈ ಪ್ರಯಾಣದ ಅಗ್ಗದ ವಿಮೆ. ಲೀಟರ್ ಬಾಟಲಿಗೆ 900 ಮಿಲಿ ಮಾತ್ರ ತುಂಬಿ, ಮಂಜುಗಡ್ಡೆಯಾಗುವಾಗ ನೀರು ಹಿಗ್ಗುತ್ತದೆ. ಎರಡು ಮಡಿಕೆ ಟವೆಲ್ ಸುತ್ತಿ ಪಂಜರದ ಒಂದು ಮಗ್ಗುಲಿಗೆ ಮಾತ್ರ ಇಡಿ. ಚಳಿಯೆನಿಸಿದರೆ ಪ್ರಾಣಿ ಇನ್ನೊಂದು ಮಗ್ಗುಲಿಗೆ ಸರಿಯಬೇಕಲ್ಲ. ಹೊರಗೆ ಕೂರುವ ಹನಿ ಟವೆಲ್ಲಿಗೇ ಇಂಗಲಿ, ಹಾಸು ಒದ್ದೆಯಾಗಬಾರದು. ಬದಲಿ ಬಾಟಲಿಗಳು ಥರ್ಮಾಕೋಲ್ ಡಬ್ಬಿಯಲ್ಲಿರಲಿ. ಅಂಗಡಿಯಲ್ಲಿ ಸಿಗುವ ಜೆಲ್ ಪ್ಯಾಕ್ ಕಚ್ಚಿ ನುಂಗುವ ಪ್ರಾಣಿಗಳ ಪಕ್ಕ ಇಡುವಂಥದ್ದಲ್ಲ.

ಹೊರಡುವ ವಾರ ಮೊದಲು ಮೆಕ್ಯಾನಿಕ್ ಹತ್ತಿರ ಎಸಿ ಗ್ಯಾಸ್, ಕೂಲೆಂಟ್, ಫ್ಯಾನ್ ನೋಡಿಸಿ, ಕ್ಯಾಬಿನ್ ಫಿಲ್ಟರ್ ತೆಗೆಸಿ ಧೂಳು ಹೊಡೆಸಿ. ಫಿಲ್ಟರ್ ಕಟ್ಟಿಕೊಂಡಿದ್ದರೆ ಮುಂದಿನ ಸೀಟಿಗೆ ಸಾಕೆನಿಸುವ ಗಾಳಿ ಹಿಂದೆ ನೆಲದ ಮಟ್ಟಕ್ಕೆ ತಲುಪುವುದೇ ಇಲ್ಲ. ಕೋಣೆಯ ಉಷ್ಣಾಂಶ ತೋರಿಸುವ ಚಿಕ್ಕ ಡಿಜಿಟಲ್ ಮೀಟರನ್ನು ಪಂಜರಕ್ಕೇ ಕಟ್ಟಿ, 22ರಿಂದ 25ರ ನಡುವೆ ಇರಲಿ. ಒಳಗಾಳಿಯೇ ಸುತ್ತುವಂತೆ ಬಟನ್ ಹಾಕಿದ್ದರೆ ಅರ್ಧ ಗಂಟೆಗೊಮ್ಮೆ ಎರಡು ನಿಮಿಷ ಹೊರಗಾಳಿ ಬಿಡಿ. ಇನ್ನೊಂದು ಮಾತು: ಸ್ಟೆಪ್ನಿ ಇರುವುದು ಡಿಕ್ಕಿಯ ತಳದಲ್ಲಿ, ಪ್ರಾಣಿಯ ನೀರು, ಛತ್ರಿ, ಬಟ್ಟೆ ಇರುವ ಚೀಲ ಅದೇ ಡಿಕ್ಕಿಯ ಮೂಲೆಯಲ್ಲಿ. ಪಂಕ್ಚರ್ ಆದಾಗ ಎಲ್ಲ ಸಾಮಾನು ರಸ್ತೆ ಮೇಲೆ, ಹುಡುಕುತ್ತಿರುವುದು ಸಿಗದು. ಆ ಚೀಲ ಸೀಟಿನ ಮೇಲೇ ಇರಲಿ. ಹೆದ್ದಾರಿಯಲ್ಲಿ ಗಾಡಿ ಕೆಟ್ಟರೆ ಸಹಾಯವಾಣಿ 1033.

ನೀರು, ಊಟ, ವಾಂತಿ

ನಾಯಿಗೆ ಮಾಮೂಲಿ ದಿನ ಕಿಲೋ ತೂಕಕ್ಕೆ 50–60 ಮಿಲಿ ನೀರು ಬೇಕು, ಬೇಸಿಗೆ ಪ್ರಯಾಣದಲ್ಲಿ ಎರಡರಷ್ಟು ಎಂದಿಟ್ಟುಕೊಳ್ಳಿ. ಎಂಟು ಕಿಲೋ ನಾಯಿಗೆ ಹತ್ತಿರ ಹತ್ತಿರ ಒಂದು ಲೀಟರ್. ಇದು ಕುಡಿಯಲು. ಮೈಮೇಲೆ ಸುರಿಯುವ ಗಳಿಗೆ ಬಂದರೆ ಬೇಕಾಗುವುದಕ್ಕೆ ಐದು ಲೀಟರ್‌ನ ಎರಡು ಕ್ಯಾನ್ ಪ್ರತ್ಯೇಕ. ಮನೆಯ ನೀರನ್ನೇ ಒಯ್ಯಿರಿ. ನಮ್ಮ ಕಡೆಯ ಬೋರ್‌ವೆಲ್ ನೀರಿನ ರುಚಿಗೆ ಒಗ್ಗಿದ ಪ್ರಾಣಿ ಬೇರೆ ನೀರು ಮೂಸಿ ಬಿಟ್ಟುಬಿಡುವುದುಂಟು. ಒಂದೇ ಸಲ ಬಟ್ಟಲು ತುಂಬ ಕೊಟ್ಟರೆ ಕಕ್ಕುತ್ತದೆ, ನಿಂತಾಗಲೆಲ್ಲ ಸ್ವಲ್ಪ ಸ್ವಲ್ಪ ಕೊಡಿ. ಎಳನೀರು ಒಂದೆರಡು ಗುಟುಕು ಪರವಾಗಿಲ್ಲ, ನೀರಿನ ಬದಲಿಗೆ ಅಲ್ಲ.

ನಾಯಿ, ಬೆಕ್ಕಿಗೆ ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಕೊನೆಯ ಊಟ, ಅದೂ ಅರೆಹೊಟ್ಟೆ. ನಾಲ್ಕಕ್ಕೆ ಹೊರಡುವವರು ರಾತ್ರಿಯೇ ಊಟ ಹಾಕಿ ಮುಗಿಸಬೇಕು. ಘಾಟಿ ತಿರುವುಗಳಲ್ಲಿ ಜೊಲ್ಲು ಸುರಿಸುವ, ವಾಂತಿ ಮಾಡುವ ನಾಯಿಗೆ ಪಶುವೈದ್ಯರು ವಾಂತಿ ತಡೆಯುವ ಮಾರೊಪಿಟಾಂಟ್ ಎಂಬ ಔಷಧಿ ಬರೆದುಕೊಡುತ್ತಾರೆ. ನಿದ್ದೆ ಬರಿಸುವ ಮಾತ್ರೆಯನ್ನು ಮಾತ್ರ ಯಾರ ಮಾತು ಕೇಳಿಯೂ ಕೊಡಬೇಡಿ. ಅಂಥ ಔಷಧಿಗಳಲ್ಲಿ ಕೆಲವು ರಕ್ತದೊತ್ತಡ ಇಳಿಸಿ, ಮೈ ಬಿಸಿಯನ್ನು ಹಿಡಿತದಲ್ಲಿಡುವ ಶಕ್ತಿಯನ್ನೇ ಮಂಕು ಮಾಡುತ್ತವೆ. ತೇಕಬೇಕಾದ ನಾಯಿ ಸುಮ್ಮನೆ ಮಲಗಿರುತ್ತದೆ, ನೀವು ಆರಾಮಾಗಿದೆ ಅಂದುಕೊಳ್ಳುತ್ತೀರಿ.

ದಾರಿಯುದ್ದಕ್ಕೂ ಕೈಗೆ ಸಿಗುವುದನ್ನು ತಿನ್ನಿಸುವ ಚಾಳಿ ಮಕ್ಕಳಿಗೆ ಇದ್ದೇ ಇರುತ್ತದೆ. ಚಿಕ್ಕಬಳ್ಳಾಪುರದ ಸುತ್ತ ರಸ್ತೆ ಬದಿ ದ್ರಾಕ್ಷಿ ಮಾರುವ ಕಾಲ ಇದೇ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತವೆ. ಇಷ್ಟು ತಿಂದರೆ ಏನೂ ಆಗದು ಎಂಬ ಅಳತೆಯೇ ಇಲ್ಲ. ತಿಂದದ್ದು ಕಂಡರೆ ವಾಂತಿ ಶುರುವಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಿ. ಶ್ರೀನಿವಾಸಪುರದ ಮಾವು ತಿನ್ನಿಸಬಹುದು, ವಾಟೆ ನುಂಗಿದರೆ ಕರುಳಲ್ಲಿ ಸಿಕ್ಕಿಕೊಳ್ಳುತ್ತದೆ. ಈರುಳ್ಳಿ ಬಿದ್ದ ಸಾಗು, ಸಾಂಬಾರ್ ನಾಯಿಗೂ ಬೇಡ, ಬೆಕ್ಕಿಗಂತೂ ಬೇಡವೇ ಬೇಡ.

ಬೆಕ್ಕು ದಾರಿಯಲ್ಲಿ ನೀರು ಮುಟ್ಟದಿರುವುದು, ಹತ್ತು ಗಂಟೆ ಮೂತ್ರ ಹಿಡಿದಿಡುವುದು ಹೊಸದೇನಲ್ಲ. ನಿಂತಾಗ ಕಾರಿನ ಬಾಗಿಲು, ಕಿಟಕಿ ಮುಚ್ಚಿ ನೀವು ಒಳಗೇ ಕೂತು, ಎಸಿ ಓಡುತ್ತಿರುವಾಗಲೇ ಮರಳಿನ ಚಿಕ್ಕ ಟ್ರೇ ಇಟ್ಟು ಪಂಜರ ತೆರೆಯಿರಿ. ಹೊರಗೆ ಇಳಿಸಿದರೆ ಲಾರಿಯ ಹಾರ್ನ್‌ಗೆ ಬೆದರಿ ಓಡಿದ ಬೆಕ್ಕು ಗೊತ್ತಿಲ್ಲದ ಊರಲ್ಲಿ ಮತ್ತೆ ಸಿಗುವುದು ಕಷ್ಟ. ನಾಯಿಗೂ ಬಾಗಿಲು ತೆರೆಯುವ ಮೊದಲೇ ಬೆಲ್ಟ್ ಕೈಯಲ್ಲಿರಬೇಕು. ಸೀಟಿಗೆ ಕಟ್ಟುವಾಗ ಎದೆಗೆ ತೊಡಿಸುವ ಹಾರ್ನೆಸ್‌ಗೆ ಕಟ್ಟಿ, ಕತ್ತುಪಟ್ಟಿಗಲ್ಲ.

ಮೊಲ, ಗಿನಿ ಪಿಗ್, ಹಕ್ಕಿ

ಇವನ್ನು ಮೂರು ದಿನದ ಪ್ರವಾಸಕ್ಕೆ ಕರೆದೊಯ್ಯುವ ಅಗತ್ಯವೇ ಇಲ್ಲ. ಪಕ್ಕದ ಮನೆಯವರು ದಿನಕ್ಕೆರಡು ಸಲ ಸೊಪ್ಪು, ನೀರು ಇಟ್ಟರೆ ಅವು ತಮ್ಮ ಮೂಲೆಯಲ್ಲೇ ಸುಖವಾಗಿರುತ್ತವೆ. ಮನೆ ಬದಲಾಯಿಸುವಾಗ, ವರ್ಗವಾದಾಗ ಬೇರೆ ದಾರಿಯಿಲ್ಲ.

ಮೊಲಕ್ಕೆ ಬೆವರೂ ಇಲ್ಲ, ನಾಯಿಯಂತೆ ತೇಕಿ ತಣಿಯುವ ಸಾಮರ್ಥ್ಯವೂ ಇಲ್ಲ. ಇರುವುದು ರಕ್ತನಾಳ ತುಂಬಿದ ಎರಡು ಉದ್ದ ಕಿವಿ. ಗಾಳಿ 28 ಡಿಗ್ರಿ ದಾಟಿದರೆ ಅದಕ್ಕೆ ಅಪಾಯದ ಗಡಿ ಹತ್ತಿರ. ಗಿನಿ ಪಿಗ್‌ಗೂ ಹೆಚ್ಚುಕಡಿಮೆ ಅಷ್ಟೇ. ನಮಗೆ ಹಿತವೆನಿಸುವ ಹವೆಯಲ್ಲೇ ಅವು ಬಳಲುತ್ತಿರುತ್ತವೆ. ಹಾಗಾಗಿ ಎಸಿ ಇಲ್ಲದ ಗಾಡಿಯಲ್ಲಿ ಹಗಲು ಪ್ರಯಾಣ ಇವಕ್ಕೆ ನಿಷಿದ್ಧ.

ಊಟದ ವಿಷಯದಲ್ಲಿ ನಾಯಿಯ ನಿಯಮವನ್ನು ಇಲ್ಲಿ ತಲೆಕೆಳಗು ಮಾಡಿ. ಮೊಲಕ್ಕೆ ವಾಂತಿ ಮಾಡಲು ಬಾರದು, ಅದರ ಕರುಳು ಸದಾ ನಾರು ಸಾಗಿಸುತ್ತಲೇ ಇರಬೇಕು. ಹತ್ತು–ಹನ್ನೆರಡು ಗಂಟೆ ಹೊಟ್ಟೆ ಖಾಲಿ ಬಿಟ್ಟರೆ ಕರುಳು ನಿಂತು, ಗಾಳಿ ತುಂಬಿ, ಪ್ರಾಣಕ್ಕೇ ಕುತ್ತು. ಪಂಜರದ ತುಂಬ ಒಣಹುಲ್ಲು ಹಾಕಿ. ನಮ್ಮ ಕಡೆ ಸುಲಭವಾಗಿ ಸಿಗುವ ರಾಗಿ ಹುಲ್ಲು ಚೊಕ್ಕಟವಾಗಿದ್ದು ಬೂಸ್ಟು ಹಿಡಿಯದಿದ್ದರೆ ಆದೀತು. ದನಕ್ಕೆಂದು ಮಾರುವ ಕುದುರೆಮೆಂತೆ ಒಂದೆರಡು ಕಡ್ಡಿ ಸಾಕು, ಅದರಲ್ಲಿ ಸುಣ್ಣದಂಶ ಜಾಸ್ತಿ. ತೊಟ್ಟಿಕ್ಕುವ ನೀರಿನ ಬಾಟಲಿಯನ್ನು ಗಾಡಿ ಓಡುವಾಗ ಕಳಚಿಡಿ. ರಸ್ತೆಯ ಕುಲುಕಾಟಕ್ಕೆ ಬಾಟಲಿಯೆಲ್ಲ ಸೋರಿ ಹಾಸು ಒದ್ದೆಯಾಗುತ್ತದೆ. ಬದಲಿಗೆ ಸೌತೆಕಾಯಿಯ ದಪ್ಪ ಬಿಲ್ಲೆಗಳನ್ನು ಹಾಕಿ, ನಿಂತಾಗ ಬಾಟಲಿ ಸಿಕ್ಕಿಸಿ. ಹ್ಯಾಮ್‌ಸ್ಟರ್‌ಗೂ ಇದೇ ಕ್ರಮ, ಅದು ಓಡುವ ಚಕ್ರವನ್ನು ಪಂಜರದಿಂದ ತೆಗೆದುಬಿಡಿ.

ಲವ್‌ಬರ್ಡ್ಸ್, ಕಾಕಟೀಲ್ ಪಂಜರದಿಂದ ಉಯ್ಯಾಲೆ, ಗಂಟೆ, ಕನ್ನಡಿ ಎಲ್ಲ ಕಳಚಿ. ಕೂರುವ ಕಡ್ಡಿ ತಳದಿಂದ ನಾಲ್ಕು ಬೆರಳಷ್ಟೇ ಎತ್ತರದಲ್ಲಿರಲಿ, ನವಣೆಯನ್ನು ತಳದಲ್ಲೇ ಚೆಲ್ಲಿ. ಎಸಿ ಗಾಳಿ ನೇರ ಬಡಿಯಬಾರದು. ಹಕ್ಕಿಯ ಶ್ವಾಸಕೋಶ ಹೊಗೆ, ವಾಸನೆಗೆ ತುಂಬ ಸೂಕ್ಷ್ಮ. ಕಾರಿನ ಸುಗಂಧದ ಡಬ್ಬಿ ಹೊರಹಾಕಿ. ಹೊರಡುವಾಗ ಡ್ಯಾಶ್‌ಬೋರ್ಡ್‌ನ ದೇವರಿಗೆ ಊದುಕಡ್ಡಿ ಬೆಳಗುವುದಿದ್ದರೆ ಹಕ್ಕಿಯನ್ನು ಆಮೇಲೆ ಹತ್ತಿಸಿ. ಕೆಂಪು ಕೊಕ್ಕಿನ ನಮ್ಮ ಹಸಿರು ಗಿಳಿ, ನಕ್ಷತ್ರ ಆಮೆಗಳನ್ನು ಸಾಕುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಒಯ್ಯುವ ಮಾತು ಹಾಗಿರಲಿ.

ಬಿಸಿ ತಲೆಗೇರಿದಾಗ

ನಾಯಿ ತೇಕುವುದು ಸಹಜ. ಅದು ಯಾವಾಗ ಅತಿಯಾಯಿತು ಎಂದು ನಾಲಗೆ ಹೇಳುತ್ತದೆ. ಗುಲಾಬಿ ಬಣ್ಣದ ನಾಲಗೆ ಗಾಢ ಕೆಂಪಿಗೆ ತಿರುಗಿ, ತುದಿ ಅಗಲವಾಗಿ ಚಪ್ಪಟೆಯಾಗುತ್ತದೆ. ತೆಳ್ಳಗಿನ ಜೊಲ್ಲು ಅಂಟಂಟಾಗಿ ನೂಲಿನಂತೆ ಎಳೆಯುತ್ತದೆ. ಮೇಲ್ತುಟಿ ಎತ್ತಿ ವಸಡನ್ನು ಹೆಬ್ಬೆರಳಿಂದ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಕೆಂಪು ಮರಳಬೇಕು. ತಡವಾದರೆ, ಅಥವಾ ವಸಡು ಇಟ್ಟಿಗೆಗೆಂಪಾಗಿದ್ದರೆ ತಕ್ಷಣ ಗಾಡಿ ನಿಲ್ಲಿಸಿ. ಮುಂದಿನ ಹಂತದಲ್ಲಿ ತೂರಾಡುತ್ತದೆ, ಕಕ್ಕುತ್ತದೆ, ಬೀಳುತ್ತದೆ. ಬೆಕ್ಕು ಬಾಯಿ ತೆರೆದು ಉಸಿರಾಡಿದರೆ ಅದೇ ಅಪಾಯದ ಗುರುತು. ಮೊಲದ ಕಿವಿ ಕಾದು, ಮೂಗು ಒದ್ದೆಯಾಗಿ, ತಲೆ ಹಿಂದಕ್ಕೆ ಚಾಚಿರುತ್ತದೆ. ಹಕ್ಕಿ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ಕೊಕ್ಕು ತೆರೆದಿರುತ್ತದೆ.

ತುದಿ ಬಾಗುವ ಡಿಜಿಟಲ್ ಥರ್ಮಾಮೀಟರ್ ಚೀಲದಲ್ಲಿರಲಿ. ಕೊಬ್ಬರಿ ಎಣ್ಣೆ ಸವರಿ ಗುದದೊಳಗೆ ಎರಡು ಸೆಂಟಿಮೀಟರ್ ಇಟ್ಟು ನೋಡಿ. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಸಹಜ. 104 ದಾಟಿದರೆ ತಣಿಸಲು ಶುರುಮಾಡಿ, 106ರಲ್ಲಿ ಒಳಗಿನ ಅಂಗಗಳೇ ಕೆಡತೊಡಗುತ್ತವೆ. ಥರ್ಮಾಮೀಟರ್ ಇಲ್ಲದಿದ್ದರೆ ಗುರುತು ನೋಡಿಯೇ ಶುರುಮಾಡಿ.

ಮೊದಲು ತಣಿಸಿ, ಆಮೇಲೆ ಸಾಗಿಸಿ. ಈ ಕ್ರಮ ತಪ್ಪಿದ್ದರಿಂದಲೇ ಬಹಳ ಪ್ರಾಣಿಗಳು ಆಸ್ಪತ್ರೆಯ ಬಾಗಿಲಲ್ಲಿ ಸಾಯುತ್ತವೆ. ನೆರಳಿಗೆ ಒಯ್ದು ಕ್ಯಾನಿನ ನೀರನ್ನು ಹೊಟ್ಟೆ, ತೊಡೆಸಂದಿ, ಪಾದ, ಬೆನ್ನಿಗೆ ಧಾರಾಳವಾಗಿ ಸುರಿಯಿರಿ. ಮೂಗು, ಬಾಯಿಗೆ ಬೀಳದಿರಲಿ. ಕೂದಲಿನೊಳಕ್ಕೆ ಬೆರಳಾಡಿಸಿ ಚರ್ಮಕ್ಕೆ ಮುಟ್ಟಿಸಿ. ಇನ್ನೊಬ್ಬರು ರಟ್ಟು, ಬೀಸಣಿಗೆ, ಸಿಕ್ಕಿದ್ದರಿಂದ ಗಾಳಿ ಬೀಸುತ್ತಿರಬೇಕು. ಒದ್ದೆ ಟವೆಲ್ ಹೊದಿಸಿ ಬಿಡುವುದು ತಪ್ಪು. ಕೆಲವೇ ನಿಮಿಷದಲ್ಲಿ ಅದು ಮೈ ಕಾವಿಗೆ ಬಿಸಿಯಾಗಿ ಕಂಬಳಿಯ ಕೆಲಸ ಮಾಡುತ್ತದೆ. ಐಸ್ ಹುಡುಕಿಕೊಂಡು ಅಂಗಡಿಗೆ ಓಡಬೇಡಿ, ಕ್ಯಾನಿನ ನೀರೇ ಸಾಕು. ಎಚ್ಚರ ಇದ್ದು ತಾನಾಗಿ ಕುಡಿದರೆ ನೀರು ಕೊಡಿ. ಬಾಯಿಗೆ ಹೊಯ್ದರೆ ಶ್ವಾಸಕೋಶಕ್ಕೆ ಇಳಿಯುತ್ತದೆ. 103ಕ್ಕೆ ಬಂದ ಕೂಡಲೇ ಸುರಿಯುವುದನ್ನು ನಿಲ್ಲಿಸಿ, ಇಲ್ಲದಿದ್ದರೆ ತೀರಾ ತಣ್ಣಗಾಗಿಬಿಡುತ್ತದೆ. ಮೊಲಕ್ಕೆ ಮುಳುಗಿಸುವ ಸ್ನಾನ ಬೇಡ, ಕಿವಿಗಳನ್ನು ಒದ್ದೆ ಮಾಡಿ ಗಾಳಿ ಬೀಸಿ. ಹಕ್ಕಿಗೆ ಕಾಲುಗಳನ್ನು ಒದ್ದೆ ಮಾಡಿ, ಸ್ಪ್ರೇ ಬಾಟಲಿಯಿಂದ ತುಂತುರು ಹಾಯಿಸಿ.

ಮೈ ಸುಡುತ್ತಿದೆ ಎಂದು ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಇದು ಜ್ವರವಲ್ಲ. ಜ್ವರದಲ್ಲಿ ಮಿದುಳೇ ಮೈ ಬಿಸಿಯನ್ನು ಏರಿಸುತ್ತದೆ, ಮಾತ್ರೆ ಆ ಆಜ್ಞೆಯನ್ನು ಇಳಿಸುತ್ತದೆ. ಇಲ್ಲಿ ಹೊರಗಿನ ಕಾವು ಒಳನುಗ್ಗಿದೆ, ಮಾತ್ರೆಗೆ ಮಾಡಲು ಕೆಲಸವಿಲ್ಲ. ಬೆಕ್ಕಿಗಂತೂ ಒಂದೇ ಮಾತ್ರೆ ಸಾವು ತರಬಲ್ಲದು.

ಚೇತರಿಸಿಕೊಂಡು ಬಾಲ ಅಲ್ಲಾಡಿಸಿದರೂ ಅದೇ ದಿನ ಪಶುವೈದ್ಯರಿಗೆ ತೋರಿಸಿ. ಮೂತ್ರಪಿಂಡ, ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆ ಒಂದರಿಂದ ಮೂರು ದಿನ ತಡವಾಗಿ ಕಾಣಿಸಿಕೊಳ್ಳುವುದುಂಟು. ಪ್ರತಿ ತಾಲ್ಲೂಕು ಕೇಂದ್ರದಲ್ಲೂ ಸರ್ಕಾರಿ ಪಶು ಆಸ್ಪತ್ರೆ ಇದೆ. ಸಂಚಾರಿ ಪಶು ಚಿಕಿತ್ಸಾ ವಾಹನದ ಸಂಖ್ಯೆ 1962. ಮೊಲ, ಹಕ್ಕಿ ನೋಡುವವರು ಎಲ್ಲ ಕಡೆ ಸಿಗುವುದಿಲ್ಲ. ಬೆಂಗಳೂರು ಮೇಲೆ ಹೋಗುವವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನೆನಪಿರಲಿ.

ಕಾಗದ, ಬಸ್ಸು

ರೇಬೀಸ್ ಲಸಿಕೆಯ ಕಾರ್ಡ್, ಪ್ರಯಾಣಕ್ಕೆ ಯೋಗ್ಯ ಎಂಬ ಪಶುವೈದ್ಯರ ಪ್ರಮಾಣಪತ್ರ ಕೈಯಲ್ಲಿರಲಿ. ನಾಯಿ, ಬೆಕ್ಕು ಸಾಗಿಸುವಾಗ ಈ ಪತ್ರ ಬೇಕೆಂದು 1978ರ ಪ್ರಾಣಿ ಸಾಗಣೆ ನಿಯಮಗಳು ಹೇಳುತ್ತವೆ. ತುಂಬು ಗರ್ಭದ ನಾಯಿ, ಬೆಕ್ಕನ್ನು ಸಾಗಿಸುವಂತೆಯೇ ಇಲ್ಲ.

ಕೆಎಸ್‌ಆರ್‌ಟಿಸಿಯ ಸಾಮಾನ್ಯ, ವೇಗದೂತ ಬಸ್‌ಗಳಲ್ಲಿ ಪ್ರಾಣಿಗೆ ಟಿಕೆಟ್ ಮಾಡಿಸಿ ಒಯ್ಯಬಹುದು. ರಾಜಹಂಸ, ಎಸಿ ಬಸ್‌ಗಳಲ್ಲಿ ಬಿಡುವುದಿಲ್ಲ. ಹಕ್ಕಿಗೂ ಟಿಕೆಟ್ ಉಂಟು: 2024ರಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಹೊರಟ ಅಜ್ಜಿ, ಮೊಮ್ಮಗಳು ಶಕ್ತಿ ಯೋಜನೆಯಲ್ಲಿ ಉಚಿತವಾಗಿ ಹೋದರೆ ಅವರ ನಾಲ್ಕು ಲವ್‌ಬರ್ಡ್ಸ್‌ಗೆ 444 ರೂಪಾಯಿಯ ಟಿಕೆಟ್ ಆಗಿತ್ತು. ಎಸಿ ಇಲ್ಲದ ಬಸ್ ಆದ್ದರಿಂದ ಬೆಳಗಿನ ಮೊದಲ ಗಾಡಿಯನ್ನೇ ಹಿಡಿಯಿರಿ. ಎಂಜಿನ್ ಪಕ್ಕದ ಸೀಟು ಬೇಡ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಬುಟ್ಟಿ ಇಟ್ಟುಕೊಂಡು ಹೋಗುವುದು ಊರೊಳಗಿನ ಆಸ್ಪತ್ರೆಗೆ ಮಾತ್ರ ಸರಿ. ಲಗೇಜ್ ಆಟೋದ ತೆರೆದ ಹಿಂಭಾಗದಲ್ಲಿ ಸಾಮಾನಿನ ಮೇಲೆ ಪಂಜರ ಕಟ್ಟಿ ಕಳಿಸುವುದಂತೂ ಪ್ರಾಣಿಯನ್ನು ಬೇಯಿಸಲು ಕಳಿಸಿದಂತೆಯೇ.

ತಲುಪಿದ ಮೇಲೆ

ಬಾಗಿಲು ಮುಚ್ಚಿದ ಒಂದು ಕೋಣೆ, ಫ್ಯಾನು, ನೀರು, ತನ್ನದೇ ವಾಸನೆಯ ಹಾಸು ಸಿಕ್ಕರೆ ಮೊದಲ ಕೆಲವು ಗಂಟೆಗೆ ಅಷ್ಟು ಸಾಕು, ಬಂದ ನೆಂಟರಿಗೆ ತೋರಿಸುವ ಆತುರ ಬೇಡ. ಊಟ ಒಂದು ಗಂಟೆ ಬಿಟ್ಟು ಹಾಕಿ. ಮೊಲದ ಪಂಜರದಲ್ಲಿ ಹಿಕ್ಕೆ ಬಿದ್ದಿದೆಯೇ ಎಂದು ನೋಡುತ್ತಿರಿ. ಹನ್ನೆರಡು ಗಂಟೆ ಒಂದೂ ಬೀಳದಿದ್ದರೆ, ತಿನ್ನುವುದನ್ನೂ ಬಿಟ್ಟಿದ್ದರೆ ಬೆಳಗಾಗಲಿ ಎಂದು ಕಾಯಬಾರದು. ಗಂಡು ಬೆಕ್ಕು ಒಂದು ದಿನ ಕಳೆದರೂ ಮೂತ್ರ ಮಾಡದಿದ್ದರೆ ಅದೂ ತುರ್ತು.

ರಸ್ತೆ ಬದಿಯ ಹುಲ್ಲಲ್ಲಿ ಇಳಿಸಿದ್ದ ನಾಯಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ, ಕತ್ತುಪಟ್ಟಿಯ ಅಡಿಯಲ್ಲಿ ರಕ್ತ ಹೀರುವ ಉಣ್ಣೆ (ಉಣುಗು) ಹುಡುಕಿ. ಕಂಡರೆ ಚಿಮಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ, ನಿಧಾನವಾಗಿ ಎಳೆಯಿರಿ. ಸೀಮೆಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಮಾಡಬೇಡಿ. ಮುಂದಿನ ಎರಡು–ಮೂರು ವಾರದಲ್ಲಿ ನಾಯಿ ಮಂಕಾಗಿ, ಊಟ ಬಿಟ್ಟು, ವಸಡು ಬಿಳಿಚಿಕೊಂಡರೆ ಉಣ್ಣೆ ಜ್ವರದ ರಕ್ತಪರೀಕ್ಷೆ ಮಾಡಿಸಿ, ಪ್ರಯಾಣ ಮಾಡಿಬಂದದ್ದನ್ನು ವೈದ್ಯರಿಗೆ ಹೇಳಿ.